ಕತ್ತಲೆ ಕೋಣೆಯ ಮೊಗ್ಗು

"ಬಾಗಿಲು ಹಾಕಿ! ಮೊದಲು ಬಾಗಿಲು ಹಾಕಿ!"

ಅವಳ ಕೂಗಿಗೆ ಅವನ ಕೈಯಲ್ಲಿದ್ದ ನೀರಿನ ಕ್ಯಾನು ಕೆಳಗೆ ಬಿತ್ತು. ಮಧ್ಯಾಹ್ನದಿಂದಲೇ ಕತ್ತಲೆ ಮಾಡಿಟ್ಟಿದ್ದ ಗಿಡಗಳ ಕೋಣೆ ಅದು. ಅವನ ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚ್... ಬೆಳಕು ನೇರ ಗಿಡಗಳ ನೆತ್ತಿಯ ಮೇಲೆ!

ಅವನು ಪಕ್ಕದ ಪ್ರಯೋಗಾಲಯದವನು. ಬೇರುಗಳ ಮೇಲೆ ಸಂಶೋಧನೆ ಮಾಡುವುದರಿಂದ ಎಲ್ಲರ ಬಾಯಲ್ಲೂ 'ಬೇರಪ್ಪ'. ಇವಳು ಹೂವಿನ ಕಡೆಯವಳು. ಕಾರಿಡಾರಿನಲ್ಲಿ ಎದುರಾದರೆ ಒಂದು ನಗು, ಅಷ್ಟೇ ಪರಿಚಯ. ಆ ನಗುವಿಗಾಗಿ ಅವಳು ಬೇಕೆಂದೇ ಸುತ್ತು ಹಾಕಿ ಬರುತ್ತಿದ್ದಳು, ಆ ಮಾತು ಬಿಡಿ!

"ದಿನಾ ಬರ್ತೀರಾ ಇಲ್ಲಿಗೆ?"

"ನೀರು ಹಾಕೋಕೆ... ಕೆಲಸದಲ್ಲಿ ಮುಳುಗಿದ್ರೆ ನೀವು ಊಟಾನೇ ಮರೀತೀರ. ಗಿಡ ಒಣಗಿದ್ರೆ ಅಳ್ತೀರೇನೋ ಅಂತ..."

ಅವಳ ಕಣ್ಣು ತುಂಬಿತು. ಅವಳ ಸಂಶೋಧನೆಯೆಲ್ಲ ಒಂದೇ ಜೀನ್ ಕುಟುಂಬದ ಮೇಲೆ. ಅದರಲ್ಲಿ ಎರಡು ಜೀನ್‌ಗಳಿಗೆ ಅವಳೇ ಇಟ್ಟ ಹೆಸರು ಅಕ್ಕ, ತಂಗಿ. ಅಕ್ಕ ಗಿಡಕ್ಕೆ 'ಬೆಳೆ, ಇನ್ನೂ ಬೆಳೆ' ಎನ್ನುತ್ತಾಳೆ. ತಂಗಿ 'ಸಾಕು, ಹೂ ಬಿಡು' ಎನ್ನುತ್ತಾಳೆ. ಇವಳು ಆ ಜೀನ್ ಕೆಲಸ ಮಾಡದಂತೆ ತಡೆದು ಅಕ್ಕನ ಬಾಯಿ ಮುಚ್ಚಿಸಿದ್ದಳು. ಇನ್ನು ಬೇಗ ಹೂ ಬಿಡಬೇಕಿತ್ತು. ಗಿಡಗಳೋ, ಎಲೆಯ ಮೇಲೆ ಎಲೆ ಬಿಡುತ್ತಾ ಕೂತಿದ್ದವು! ಈ ತಿಂಗಳೂ ಹೂ ಕಾಣದಿದ್ದರೆ ಈ ವಿಷಯ ಕೈಬಿಡು ಎಂದು ಗೈಡ್ ಮೇಡಂ ಹೇಳಿಯಾಗಿತ್ತು.

"ಈ ಗಿಡಕ್ಕೆ ಉದ್ದನೆ ಕತ್ತಲೆ ಬೇಕು ರೀ! ಮಧ್ಯೆ ಚೂರು ಬೆಳಕು ಬಿದ್ರೂ ತಂಗಿ ಬಾಯೇ ಬಿಡಲ್ಲ!"

ಅವನ ಮುಖ ಸಪ್ಪಗಾಯಿತು. "ನನ್ನ ಬೇರುಗಳು ಯಾವಾಗ್ಲೂ ಮಣ್ಣೊಳಗೇ ಇರ್ತವಲ್ಲ... ಬೆಳಕಿನ ಯೋಚನೇನೇ ಹೊಳೀಲಿಲ್ಲ. ಇನ್ನು ಈ ಕಡೆ ತಲೆ ಹಾಕಲ್ಲ."

ಮಾತು ಉಳಿಸಿಕೊಂಡ. ಕಾರಿಡಾರಿನಲ್ಲೂ ಸುಳಿಯಲಿಲ್ಲ ಮಹಾರಾಯ! ಗಿಡಗಳಿಗೆ ಕತ್ತಲೆ ಸಿಕ್ಕಿತು, ಅವಳಿಗೆ ಬೇಸರ ಹತ್ತಿಕೊಂಡಿತು.

'ನನ್ನ ಗಿಡಕ್ಕೆ ನೀರು ಹಾಕಿದವನ ಮೇಲೆ ಕೆಂಡ ಕಾರಿದೆನಲ್ಲ...'

ಒಂದು ಬೆಳಿಗ್ಗೆ ಕೋಣೆಯ ದೀಪ ಹತ್ತಿದಾಗ ಅವಳು ಗಿಡಗಳ ಮೇಲೆ ಬಾಗಿ ನೋಡಿದಳು. ಅಕ್ಕನ ಬಾಯಿ ಮುಚ್ಚಿಸಿದ ಗಿಡಗಳಲ್ಲಿ ಮೊಗ್ಗು! ಪಕ್ಕದ ಮಾಮೂಲಿ ಗಿಡಗಳಲ್ಲಿ ಇನ್ನೂ ಬರೀ ಎಲೆ. ಅವಳ ಊಹೆ ಸರಿಯಾಗಿತ್ತು!

ಮೇಡಂಗೆ ಹೇಳುವುದನ್ನೂ ಮರೆತು ಪಕ್ಕದ ಪ್ರಯೋಗಾಲಯಕ್ಕೆ ಓಡಿದಳು.

"ಮೊಗ್ಗು ಬಂದಿದೆ. ಬನ್ನಿ!"

"ನಾನು... ಬರಬಹುದಾ?"

"ಬರಲೇಬೇಕು. ಅಕ್ಕನ ಬಾಯಿ ಮುಚ್ಚಿಸ್ದೆ, ನನ್ನ ಬಾಯಿ ಮುಚ್ಕೊಂಡಿರೋಕೆ ಆಗ್ತಿಲ್ಲ. ನೀವಂದ್ರೆ ನಂಗಿಷ್ಟ..."

ಬೇರಪ್ಪನ ಕಿವಿ ಕೆಂಪಾಯಿತು. "ನಂಗೂ... ನೀರು ಹಾಕೋಕೆ ಶುರು ಮಾಡೋ ಮೊದಲಿಂದಾನೇ."

ಅವನು ಜೇಬಿನಿಂದ ಮೊಬೈಲ್ ತೆಗೆದು ಮೇಜಿನ ಮೇಲಿಟ್ಟು, ಕ್ಯಾನು ಎತ್ತಿಕೊಂಡ.

"ಮೊಬೈಲ್ ಯಾಕೆ ಬಿಟ್ರಿ?"

"ಅದರಲ್ಲಿ ಟಾರ್ಚ್ ಇದೆಯಲ್ಲ... ಭಯ!"

ಅವಳು ನಕ್ಕು ಅವನ ಕೈ ಹಿಡಿದಳು.

"ಈಗ ದೀಪ ಹತ್ತಿದೆ ಕಣೋ, ಬಾ."