ಒಂದಿಂಚು ಕಮ್ಮಿ

"ಇದು ಪ್ಯಾಂಟಾ? ನೀವೇ ಹೇಳಿ, ಇದು ಪ್ಯಾಂಟಾ?"

ಬೇಕರಿ ಮಾಮ ಟೈಲರ್ ಅಂಗಡಿಯ ನಟ್ಟನಡುವೆ ನಿಂತು ಒಂದು ಕಾಲು ಮುಂದಕ್ಕೆ ಚಾಚಿದ್ದರು. ಹೊಸ ಪ್ಯಾಂಟಿನ ಕೆಳಗಿಂದ ಹಸಿರು ಸಾಕ್ಸ್ ಇಣುಕುತ್ತಿತ್ತು. ಸೊಂಟದ ಹುಕ್ಕನ್ನು ಅವರು ಉಸಿರು ಬಿಗಿಹಿಡಿದು ಹೇಗೋ ಹಾಕಿಕೊಂಡಿದ್ದರು. ಆದರೆ ಕೂಗಾಡಲು ಉಸಿರು ಬೇಕಲ್ಲ. ಕೂಗಿದಾಗಲೆಲ್ಲ ಹುಕ್ಕು ಬಿಚ್ಚಿಕೊಳ್ಳುತ್ತಿತ್ತು.

"ಬಗ್ಗಿ ಹಿಟ್ಟು ನಾದೋದು ಹೇಗೆ ನಾನು? ಮೊದ್ಲೇ ಹೇಳಿದ್ರೆ ನಿಂತ್ಕೊಂಡೇ ನಾದೋದು ಕಲೀತಿದ್ದೆ!"

ಅಮ್ಮ ತುಟಿಗಳ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಈ ವಾರ ಬಂದ ನಾಲ್ಕನೆಯ ದೂರು ಇದು. ನರ್ಸಕ್ಕನ ಕೋಟಿನ ತೋಳು ಗಿಡ್ಡವಾಗಿತ್ತು. ಬಸ್ ಡ್ರೈವರ್ ಸ್ಟೀರಿಂಗ್ ತಿರುಗಿಸಿದಾಗ ಅಂಗಿಯ ಗುಂಡಿ ಹಾರಿಹೋಗಿತ್ತು. ಪಿ.ಟಿ. ಮೇಷ್ಟ್ರು ಕೈ ಎತ್ತಿದರೆ ಹೊಟ್ಟೆ ಕಾಣುತ್ತಿತ್ತು. ದಿನವಿಡೀ ಕೈ ಎತ್ತುವುದೇ ಅವರ ಕೆಲಸ, ಪಾಪ.

ಮನೆಯವರೆಲ್ಲರ ಹತ್ತಿರವೂ ಕಾರಣ ಮಾತ್ರ ರೆಡಿ ಇತ್ತು.

"ಬಟ್ಟೆ ಕುಗ್ಗಿದೆ" ಅಂದಳು ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅಜ್ಜಿ.

"ಇನ್ನೂ ಒಗೆದೇ ಇಲ್ಲ ಅಜ್ಜಿ, ಕುಗ್ಗೋದೆಲ್ಲಿಂದ ಬಂತು?" ಅಂದರು ಬೇಕರಿ ಮಾಮ.

"ಈಗಿನ ಜನ ಬೇಗ ದಪ್ಪ ಆಗ್ತಿದಾರೆ" ಅಂದ ಬಟ್ಟೆ ಕತ್ತರಿಸುವ ಚಿಕ್ಕಪ್ಪ, ರೇಡಿಯೋದ ಸದ್ದು ಸ್ವಲ್ಪ ಕಮ್ಮಿ ಮಾಡಿ.

"ದಪ್ಪ ಆಗ್ಲಿ ಬಿಡಯ್ಯ. ಈ ವಯಸ್ಸಲ್ಲಿ ಕಾಲೂ ಉದ್ದ ಬೆಳೆಯುತ್ತಾ?"

ಆಗ ಅಮ್ಮ ಕೌಂಟರಿನ ಪಕ್ಕದ ಸ್ಟೂಲಿನ ಕಡೆ ತಿರುಗಿದಳು. ಸ್ಟೂಲಿನ ಮೇಲೆ ಅಳತೆ ಪುಸ್ತಕ ಹಿಡಿದುಕೊಂಡು ಕೂತಿದ್ದವಳು ಲಾಯರಮ್ಮ. ವಯಸ್ಸು ಹನ್ನೊಂದು. ಎಲ್ಲದಕ್ಕೂ ವಾದ ಹಾಕುತ್ತಾಳೆ ಅಂತ ಚಿಕ್ಕಪ್ಪ ಇಟ್ಟ ಹೆಸರು ಅದು. ಸ್ಕೂಲ್ ಬಿಟ್ಟ ಮೇಲೆ ಅವಳು ಅಂಗಡಿಗೆ ಬರುತ್ತಾಳೆ. ಅಮ್ಮ ಅಳತೆ ತೆಗೆದು ನಂಬರ್ ಕೂಗುತ್ತಾಳೆ, ಇವಳು ಬರೆದುಕೊಳ್ಳುತ್ತಾಳೆ. ಎರಡು ವರ್ಷದಿಂದ ಇದು ಅವಳ ಕೆಲಸ. ಆ ಉದ್ದನೆಯ ನೀಲಿ ಪುಸ್ತಕವನ್ನು ಬೇರೆ ಯಾರಾದರೂ ಮುಟ್ಟಿದರೆ ಅವಳು ಸಹಿಸುವುದಿಲ್ಲ.

"ನಿನ್ನ ಅಕ್ಷರ ನೋಡು! ಒಂದು ಬರೆದ್ರೆ ಏಳರ ಥರ ಇರುತ್ತೆ, ಮೂರು ಬರೆದ್ರೆ ಎಂಟರ ಥರ. ಓದಿ ಕತ್ತರಿಸೋರು ಏನ್ಮಾಡ್ಬೇಕು?"

"ನನ್ನ ಅಕ್ಷರಕ್ಕೇನಾಗಿದೆ? ಟೀಚರ್ ಗುಡ್ ಅಂತ ಹಾಕಿದಾರೆ! ಚಿಕ್ಕಪ್ಪ ಕತ್ತರಿಸೋವಾಗ ಹಾಡು ಕೇಳ್ತಾ ಕೇಳ್ತಾ ಕಣ್ಣು ಮುಚ್ಕೊಳ್ತಾನೆ. ಅವನದ್ದೇ ತಪ್ಪು. ನಾನೇ ನೋಡಿದೀನಿ!"

ಬೇಕರಿ ಮಾಮ ಚಿಕ್ಕಪ್ಪನನ್ನು ಮೇಲಿಂದ ಕೆಳಗೆ ನೋಡಿ "ಹೌದೇನಯ್ಯಾ?" ಅಂದರು. ಚಿಕ್ಕಪ್ಪ ರೇಡಿಯೋ ಆಫ್ ಮಾಡಿದ. ಅವನ ಕಿವಿ ಕೆಂಪಗಾಗಿತ್ತು.

"ಸಾಕು" ಅಂದಳು ಅಮ್ಮ. "ಸ್ಕೂಲ್ ಬ್ಯಾಂಡಿನ ಇಪ್ಪತ್ತೆರಡು ಕೋಟು ಇವತ್ತಿಂದ ಕತ್ತರಿಸ್ಬೇಕು. ಬಟ್ಟೆ ಅಷ್ಟಕ್ಕೇ ಬಂದಿದೆ, ಒಂದು ಕೆಟ್ರೂ ಕತೆ ಮುಗೀತು. ಸೋಮವಾರದಿಂದ ಪಕ್ಕದ್ಮನೆ ಅಕ್ಕ ಬಂದು ಬರೀತಾಳೆ. ನೀನು ಪುಸ್ತಕ ಮುಟ್ಬೇಡ."

ಲಾಯರಮ್ಮ ಪುಸ್ತಕವನ್ನು ಎದೆಗೆ ಅವುಚಿಕೊಂಡಳು.

ಬೇಕರಿ ಮಾಮ ಹಳೇ ಪ್ಯಾಂಟು ಹಾಕಿಕೊಂಡು, ಹೊಸದನ್ನು ಸರಿಮಾಡಲು ಬಿಟ್ಟು ಹೋದರು. ಅಮ್ಮ ಮಷೀನಿನ ಮುಂದೆ ಕೂತಳು. ಲಾಯರಮ್ಮ ಮುಖ ಊದಿಸಿಕೊಂಡು ಆ ಪ್ಯಾಂಟು, ಪುಸ್ತಕ, ಟೇಪು ಮೂರನ್ನೂ ಎತ್ತಿಕೊಂಡು ಅಜ್ಜಿಯ ಪಕ್ಕ ಹೋದಳು. ಸೋಮವಾರದವರೆಗೆ ಪುಸ್ತಕ ತನ್ನದೇ ತಾನೇ? ಚಿಕ್ಕಪ್ಪನ ತಪ್ಪನ್ನು ಅಳೆದು ತೋರಿಸಿಬಿಟ್ಟರೆ ಎಲ್ಲರ ಬಾಯಿಗೂ ಬೀಗ.

ಪುಸ್ತಕದಲ್ಲಿ ಬರೆದದ್ದು ಉದ್ದ ಮೂವತ್ತೊಂಬತ್ತು, ಸೊಂಟ ಮೂವತ್ತೇಳು. ಪ್ಯಾಂಟು ಅಳೆದಳು. ಮೂವತ್ತೊಂಬತ್ತು, ಮೂವತ್ತೇಳು. ಇನ್ನೊಮ್ಮೆ ಅಳೆದಳು. ಅಷ್ಟೇ.

ಪಿ.ಟಿ. ಮೇಷ್ಟ್ರ ಅಂಗಿ ಅಳೆದಳು. ನರ್ಸಕ್ಕನ ಕೋಟು ಅಳೆದಳು. ಚಿಕ್ಕಪ್ಪ ಕತ್ತರಿಸಿದ್ದು ಪುಸ್ತಕಕ್ಕಿಂತ ಒಂದು ದಾರದೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅಂದರೆ ಅವಳ ಅಕ್ಷರ ಅವನಿಗೆ ಸರಿಯಾಗಿಯೇ ಓದಲು ಬಂದಿದೆ. ಅವನ ಕತ್ತರಿಯೂ ಸರಿಯಾಗಿದೆ.

"ಛೆ!" ಅಂದಳು.

"ಯಾಕೆ, ಸಿಗ್ಲಿಲ್ವಾ ಕಳ್ಳ?" ಅಂದಳು ಅಜ್ಜಿ ದಾರ ಕಚ್ಚುತ್ತ.

"ಚಿಕ್ಕಪ್ಪ ಸರಿಯಾಗೇ ಕತ್ತರಿಸಿದಾನೆ."

"ಅಯ್ಯೋ ಪಾಪ, ಎಂಥಾ ಅನ್ಯಾಯ. ಆಗ್ಲಿಂದ ಯಾರ ತಪ್ಪು, ಯಾರ ತಪ್ಪು ಅಂತ ಎಲ್ಲರೂ ಬಡ್ಕೊಳ್ತಿದೀರಿ. ಎಷ್ಟು ತಪ್ಪು ಅಂತ ಯಾರಾದ್ರೂ ನೋಡಿದೀರಾ?"

"ಎಷ್ಟು ಅಂದ್ರೆ?"

"ಎಷ್ಟು ಅಂದ್ರೆ ಎಷ್ಟು. ನಂಗೇನು ಗೊತ್ತು? ನಾನು ಗುಂಡಿ ಹೊಲಿಯೋಳು."

ಲಾಯರಮ್ಮ ಕಪಾಟಿನ ಮೇಲಿಂದ ಹೋದ ವರ್ಷದ ಅಳತೆ ಪುಸ್ತಕ ಇಳಿಸಿದಳು. ಧೂಳಿಗೆ ನಾಲ್ಕು ಸಲ ಸೀನಿದಳು. ಹೋದ ವರ್ಷದ ಬೇಕರಿ ಮಾಮ ಸಿಕ್ಕರು. ಉದ್ದ ನಲವತ್ತು, ಸೊಂಟ ಮೂವತ್ತೆಂಟು. ಈಗ ಹಾಕಿಕೊಂಡು ಹೋದರಲ್ಲ, ಅದೇ ಪ್ಯಾಂಟು. ನರ್ಸಕ್ಕನ ತೋಳು ಆಗ ಇಪ್ಪತ್ತೆರಡು, ಈಗ ಇಪ್ಪತ್ತೊಂದು. ಮೇಷ್ಟ್ರ ಎದೆ ಆಗ ನಲವತ್ತೊಂದು, ಈಗ ನಲವತ್ತು.

ಎಲ್ಲರದ್ದೂ ಒಂದಿಂಚು. ಸರಿಯಾಗಿ ಒಂದೇ ಇಂಚು.

ಅವಳು ಪೆನ್ನಿನ ತುದಿ ಕಚ್ಚಿಕೊಂಡು ಕೂತಳು. ಒಂದು ಏಳರ ಥರ ಕಂಡಿದ್ದರೆ ಆರು ಇಂಚು ಹೆಚ್ಚಾಗಬೇಕಿತ್ತು. ಬೇಕರಿ ಮಾಮ ಪ್ಯಾಂಟಿನೊಳಗೆ ಒಂದು ಚೀಲ ಹಿಟ್ಟನ್ನೂ ಇಟ್ಟುಕೊಳ್ಳಬಹುದಿತ್ತು. ಬಟ್ಟೆ ಕುಗ್ಗಿದ್ದರೆ ಒಂದು ಹೆಚ್ಚು ಕುಗ್ಗುತ್ತಿತ್ತು, ಇನ್ನೊಂದು ಕಮ್ಮಿ. ಊರಿನವರೆಲ್ಲ ಮಾತಾಡಿಕೊಂಡು ಒಂದೊಂದೇ ಇಂಚು ಬೆಳೆಯುವುದೂ ಇಲ್ಲ. ಹಾಗಾದರೆ ಪುಸ್ತಕಕ್ಕೆ ಬರುವ ಮೊದಲೇ ಏನೋ ಆಗಿದೆ.

"ಅಮ್ಮ, ನನ್ನ ತೋಳಿನ ಅಳತೆ ತಗೋ."

"ಈಗಾ? ನಿಂಗೆ ಹೊತ್ತುಗೊತ್ತು ಇಲ್ವಾ?"

"ಒಂದೇ ನಿಮಿಷ. ಆಮೇಲೆ ಬಾಯೇ ಬಿಡಲ್ಲ."

ಇಂಥ ಆಸೆ ತೋರಿಸಿದರೆ ಅಮ್ಮ ಇಲ್ಲ ಅನ್ನಲಾರಳು. ಎದ್ದು ಬಂದು ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದಳು. "ಹದಿನೇಳು."

ಅಳತೆ ತೆಗೆಯುವಾಗ ಲಾಯರಮ್ಮ ಯಾವಾಗಲೂ ಪುಸ್ತಕ ನೋಡುತ್ತಿರುತ್ತಾಳೆ. ಇವತ್ತು ಕತ್ತು ತಿರುಗಿಸಿ ಟೇಪು ನೋಡಿದಳು.

"ಇಲ್ಲಿ ಹದಿನೆಂಟು ಇದೆಯಲ್ಲ?"

"ಹೂಂ. ಹದಿನೆಂಟು ಬಂದ್ರೆ ಹದಿನೇಳು."

"ಹದಿನೆಂಟು ಬಂದ್ರೆ ಹದಿನೆಂಟು ಅಲ್ವಾ?"

"ಒಂದು ಕಳೀಬೇಕು ಕಣೇ."

"ಯಾಕೆ?"

"ಯಾಕೆ ಅಂದ್ರೆ... ಕಳೀಬೇಕು. ಯಾವಾಗ್ಲೂ ಕಳೀತೀನಿ."

"ಅದೇ ಯಾಕಮ್ಮಾ?"

ಅಮ್ಮ ಬೈಯಲು ಬಾಯಿ ತೆರೆದಳು. ಬೈಯುವ ಬದಲು ಅವಳು ಟೇಪಿನ ತುದಿಯನ್ನು ಕಣ್ಣಿನ ಹತ್ತಿರ ತಂದಳು. ಹೊಳೆಯುವ ತಗಡು, ಅದರ ಪಕ್ಕದಲ್ಲಿ ಪೂರ್ತಿ ಮೊದಲನೆಯ ಇಂಚು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಅಂದಳು. "ಇದು ಹೊಸ ಟೇಪು!"

ಹಳೇ ಟೇಪಿನ ಮೊದಲ ಇಂಚು ಸವೆದು ಚಿಂದಿಯಾಗಿತ್ತು. ಅದನ್ನು ಕತ್ತರಿಸಿ ತೆಗೆದದ್ದು ಚಿಕ್ಕಪ್ಪನೇ, ಲಾಯರಮ್ಮ ಹುಟ್ಟುವ ಮೊದಲು. ಆ ಟೇಪು ಶುರುವಾಗುತ್ತಿದ್ದದ್ದೇ ಒಂದರಿಂದ. ಅದಕ್ಕೇ ಅಮ್ಮ ಪ್ರತಿ ಸಲ ಒಂದು ಕಳೆದು ಹೇಳುತ್ತಿದ್ದಳು. ಹೇಳಿ ಹೇಳಿ ಕಳೆಯುವುದು ನಾಲಿಗೆಗೇ ರೂಢಿಯಾಗಿತ್ತು. ಈ ತಿಂಗಳು ಐದನೇ ತಾರೀಕು ಲಾಯರಮ್ಮನ ಪುಟ್ಟ ತಮ್ಮ ಅದನ್ನು ಆಟದ ಗಾಡಿಗೆ ಹಗ್ಗ ಮಾಡಿ ಎಳೆದು ಎರಡು ತುಂಡು ಮಾಡಿದ. ಹೊಸ ಟೇಪು ಬಂತು. ನಾಲಿಗೆ ಮಾತ್ರ ಹಳೆಯದೇ ಉಳಿಯಿತು. ಚಿಕ್ಕಪ್ಪ ಮೇಜಿನ ಮೇಲೆ ಸ್ಟೀಲ್ ಸ್ಕೇಲ್ ಇಟ್ಟುಕೊಂಡು ಕತ್ತರಿಸುವವನು, ಅವನಿಗೆ ಗೊತ್ತಾಗುವ ಹಾಗೇ ಇರಲಿಲ್ಲ.

ಲಾಯರಮ್ಮ ಚಿಕ್ಕಪ್ಪನ ಹತ್ತಿರ ಹೋಗಿ ಮೆಲ್ಲಗೆ ಅಂದಳು. "ನಿನ್ನ ಕತ್ತರಿ ಸರಿಯಾಗೇ ಇತ್ತು. ನಾನು ಸುಮ್ನೆ ಹೇಳಿದ್ದು."

"ಬೇಕರಿ ಮಾಮನ ಮುಂದೆ ಊರಿಗೆಲ್ಲ ಕೇಳೋ ಹಾಗೆ ಕೂಗಿದೆ. ಈಗ ಕಿವೀಲಿ ಹೇಳ್ತೀಯಾ?"

"ಅವರು ಪ್ಯಾಂಟ್ ತಗೊಳ್ಳೋಕೆ ಬರಲಿ, ಕೂಗೇ ಹೇಳ್ತೀನಿ."

"ಜ್ಞಾಪಕ ಇರ್ಲಿ" ಅಂದ ಚಿಕ್ಕಪ್ಪ. ಅವನ ಮುಖ ಸ್ವಲ್ಪ ಸಡಿಲವಾಯಿತು. "ಸರಿ, ಬ್ಯಾಂಡಿನವರ ಅಳತೆಗೆಲ್ಲ ಒಂದೊಂದು ಕೂಡಿಸಿ ಕೊಡು. ಹೊತ್ತಾಗ್ತಿದೆ."

ಅವಳು ಸ್ಟೂಲಿಗೆ ಹಾರಿ ಕೂತಳು. ಏನು ಖುಷಿ! ಎಲ್ಲರೂ ಬೈದರು, ಕೊನೆಗೆ ಕಂಡುಹಿಡಿದದ್ದು ಯಾರು? ಕೆಂಪು ಪೆನ್ನು ತೆಗೆದು ಒಂದರ ಹಿಂದೆ ಒಂದು ತಿದ್ದುತ್ತ ಹೋದಳು. ಡ್ರಮ್ ಬಾರಿಸುವವನ ಎದೆ ಇಪ್ಪತ್ತೆಂಟು, ಇಪ್ಪತ್ತೊಂಬತ್ತಾಯಿತು. ತೋಳಿಗೆ ಒಂದು ಕೂಡಿಸು. ಉದ್ದಕ್ಕೆ ಒಂದು ಕೂಡಿಸು. ಎರಡನೆಯವಳು, ಮೂರನೆಯವನು, ನಾಲ್ಕನೆಯವನು. ಆ ಕಡೆ ಚಿಕ್ಕಪ್ಪ ಬಟ್ಟೆ ಹರಡಿ ಡ್ರಮ್ಮಿನವನ ಕೋಟಿಗೆ ಚಾಕ್‌ಪೀಸಿನಲ್ಲಿ ಗೆರೆ ಎಳೆದ.

ಐದನೆಯವಳು ಕೊಳಲಿನ ಹುಡುಗಿ. ಅವಳ ಹೆಸರಿನ ಮೇಲೆ ಲಾಯರಮ್ಮನ ಪೆನ್ನು ನಿಂತಿತು. ಅಳತೆ ತೆಗೆಯುವಾಗ ಆ ಹುಡುಗಿ ಕಿಲಕಿಲ ನಕ್ಕಿದ್ದಳು. ಟೇಪಿನ ತುದಿಯ ದಾರದ ಎಳೆಗಳು ಕತ್ತಿಗೆ ಕಚಗುಳಿ ಇಟ್ಟಿದ್ದವು.

ಹೊಸ ಟೇಪಿಗೆ ಎಳೆಗಳೆಲ್ಲಿವೆ?

ಅವಳು ಪುಟದ ಮೇಲ್ಗಡೆ ನೋಡಿದಳು. ಮೂರನೇ ತಾರೀಕು. ಟೇಪು ಹರಿದದ್ದು ಐದಕ್ಕೆ. ಈ ಮಕ್ಕಳ ಅಳತೆ ಹಳೇ ಟೇಪಿನದು. ಅವು ಸರಿಯಾಗಿಯೇ ಇದ್ದವು. ಅವಳು ಈಗ ತಾನೇ ನಾಲ್ಕು ಜನರ ಸರಿಯಾದ ಅಳತೆಗಳನ್ನು ಕೆಂಪು ಪೆನ್ನಿನಲ್ಲಿ ಕೆಡಿಸಿ ಕೂತಿದ್ದಳು. ಅಮ್ಮ ಕೇಳದೆ ಕಳೆದಳು, ತಾನು ಕೇಳದೆ ಕೂಡಿಸಿದಳು. ಅಮ್ಮನಿಗಾದರೂ ರೂಢಿಯಿತ್ತು. ತನಗೆ ಅದೂ ಇರಲಿಲ್ಲ.

ಚಿಕ್ಕಪ್ಪನ ಕತ್ತರಿ ಬಾಯಿ ತೆರೆಯಿತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಒಂದಿಂಚು ದೊಗಲೆಯಾದರೆ ಬೆಳೆಯುವ ಮಕ್ಕಳು ಅನ್ನಬಹುದು. ಹೇಳಿದರೆ ಪುಸ್ತಕ ಇವತ್ತೇ ಹೋಗುತ್ತದೆ.

"ಚಿಕ್ಕಪ್ಪ, ತಡಿ! ಕತ್ತರಿಸ್ಬೇಡ. ನಾನು ನಾಲ್ಕು ಜನದ್ದು ತಪ್ಪು ತಿದ್ದಿದೀನಿ."

"ಮತ್ತೇನೇ ನಿಂದು!" ಚಿಕ್ಕಪ್ಪ ಹಣೆ ಚಚ್ಚಿಕೊಂಡ. "ಈ ಮನೇಲಿ ಒಂದು ಕೋಟು ಕತ್ತರಿಸೋಕೆ ಒಂದು ಜನ್ಮ ಬೇಕು!"

ಅವಳು ತಾರೀಕು ತೋರಿಸಿ ಎಲ್ಲ ಹೇಳಿದಳು. ಹೇಳಿ ತಲೆ ತಗ್ಗಿಸಿದಳು. ಅಮ್ಮ ಎದ್ದು ಬಂದು ಪುಸ್ತಕಕ್ಕೆ ಕೈ ಚಾಚಿದಳು. ಲಾಯರಮ್ಮ ಕೊಡಲು ಹೋದರೆ ಅಮ್ಮ ತೆಗೆದುಕೊಳ್ಳಲಿಲ್ಲ, ಮುಂದಿನ ಪುಟ ತಿರುಗಿಸಿದಳು ಅಷ್ಟೇ.

"ಹಳೇ ಟೇಪಿನವರು ಎಷ್ಟು ಜನ, ಹೊಸದರವರು ಎಷ್ಟು ಜನ? ನಿಧಾನವಾಗಿ ಓದು."

ಅವಳು ಓದಿದಳು. ಮೂರನೇ ತಾರೀಕು ಎಂಟು ಜನ. ಏಳನೇ ತಾರೀಕು ಹದಿನಾಲ್ಕು ಜನ.

"ಹಾಗಾದ್ರೆ ಹದಿನಾಲ್ಕಕ್ಕೆ ಕೂಡಿಸು" ಅಂದ ಚಿಕ್ಕಪ್ಪ ಕತ್ತರಿ ಎತ್ತಿಕೊಂಡು.

ಲಾಯರಮ್ಮ ಕೆಂಪು ಪೆನ್ನಿನ ಕ್ಯಾಪು ಹಾಕಿದಳು. "ಇರಬೇಕು ಅಂತ ಅನ್ಸುತ್ತೆ. ಆದ್ರೆ ಒಬ್ಬನನ್ನ ಕರೆದು ಅಳೆದು ನೋಡೋಣ್ವಾ? ಒಂಬತ್ತನೆಯವನ ಮನೆ ಹಿಂದಿನ ಬೀದೀಲೇ ಇದೆ."

ಚಿಕ್ಕಪ್ಪ ಸೂರಿನ ಕಡೆ ಮುಖ ಎತ್ತಿ ದೊಡ್ಡದಾಗಿ ಉಸಿರು ಬಿಟ್ಟ. ಅವಳು ಅಷ್ಟರಲ್ಲಿ ಚಪ್ಪಲಿ ಮೆಟ್ಟಿಕೊಂಡು ಬೀದಿಗೆ ಇಳಿದಾಗಿತ್ತು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು.

"ಅವಳು ಬರೋ ತನಕ ಕತ್ತರಿ ಮುಟ್ಬೇಡ."