ತಿರುಗಿ ಮಾಡದ ಕರೆ

ಬಿಲಾಲ ಮೊದಲ ಸಲ ಫೋನ್ ಮಾಡಿದಾಗ ಉಮೈಮಾ ಅವನಿಗೆ ಚೆನ್ನಾಗಿ ಬೈದಿದ್ದಳು.

ಬೈಯುವ ಹಕ್ಕು ಅವಳಿಗಿತ್ತು. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳಲ್ಲಿ ಎಲ್ಲಿ ಬೆಂಕಿ ಬಿದ್ದರೂ ಅಗ್ನಿಶಾಮಕದವರನ್ನು ಕರೆಯುವ ಫೋನ್ ಬರುತ್ತಿದ್ದದ್ದು ಅವಳ ಮೇಜಿಗೆ. ತಡಸದ ಹುಡುಗಿ ಬೆಳಗ್ಗೆ ಬಸ್ ಹಿಡಿದು ಆಫೀಸಿಗೆ ಬಂದು, ದುಪಟ್ಟಾದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತರೆ ಸಂಜೆಯವರೆಗೆ ಏಳುವಂತಿರಲಿಲ್ಲ. ಹೆಣ್ಣಿನ ದನಿ ಕೇಳಲೆಂದೇ ಸುಳ್ಳು ಕರೆ ಮಾಡುವ ಪುಂಡರಿಗೆ ಬರವಿರಲಿಲ್ಲ. ಅದಕ್ಕೇ ಅಲ್ಲೊಂದು ನಿಯಮ: ಮೊಬೈಲಿನಿಂದ ಕರೆ ಬಂದರೆ ಊರು, ಗುರುತು ಬರೆದುಕೊಂಡು ಇಟ್ಟುಬಿಡಬೇಕು, ಅದೇ ನಂಬರಿಗೆ ತಿರುಗಿ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆಯೇ ಗಾಡಿಗೆ ಹೊರಡು ಎನ್ನಬೇಕು.

ಅವತ್ತು ಅವಳು ತಿರುಗಿ ಫೋನ್ ಮಾಡಿದ್ದಳು.

"ಹಿರೇಕೆರೂರ ರಸ್ತೆದಾಗ ಹೊಗಿ ಅಂದ್ರಲ್ಲ, ಅದು ರೈತರ ಹಚ್ಚಿದ್ದೋ, ತಾನ ಹತ್ತಿದ್ದೋ?"

"ರೈತರ ಹಚ್ಯಾರ್ರಿ. ಕಬ್ಬಿನ ರವದಿ ಸುಡಾಕತ್ತಾರ."

"ಮತ್ತ ನಮಗ್ಯಾಕ ಹೇಳಿದ್ರಿ? ನಿಮಗ ಬ್ಯಾರೆ ಉದ್ಯೋಗ ಇಲ್ಲೇನು?"

"ಐತ್ರಿ. ಸವಣೂರಾಗ ನಮ್ಮದು ಎಲಿ ತೋಟ. ದಿನಾ ಎಲಿ ಮಾರಾಕ ಊರೂರು ತಿರಗತೇನಿ. ನಿಮ್ಮ ಬೈಗಳಾನೂ ನಮ್ಮ ಎಲಿ ಹಂಗ ಐತಿ ನೋಡ್ರಿ, ಖಾರ ಐತಿ, ಆದ್ರ ಉಗಳಾಕ ಮನಸ ಬರವಲ್ದು."

ಉಮೈಮಾ ಫೋನ್ ಇಟ್ಟು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ನಕ್ಕಳು.

ಅಲ್ಲಿಂದ ಮುಂದೆ ಬಿಲಾಲನ ಕಣ್ಣಿಗೆ ಬೀಳದ ಹೊಗೆ ಆ ನಾಲ್ಕು ತಾಲೂಕುಗಳಲ್ಲಿ ಇರಲಿಲ್ಲ. ಬೈಕಿನ ಹಿಂದೆ ವೀಳ್ಯದೆಲೆಯ ಪೆಂಡಿ ಕಟ್ಟಿಕೊಂಡು ಹೊರಟವನು ರಟ್ಟೀಹಳ್ಳಿಯ ಹತ್ತಿರ ಒಂದು ಹೊಗೆ ಕಂಡ, ಹಾನಗಲ್ಲಿನ ಹತ್ತಿರ ಒಂದು. ಅವನು ಹೇಳಿ ಇಡುವನು, ಅವಳು ತಿರುಗಿ ಮಾಡುವಳು. ನಿಯಮ ಪಾಲಿಸುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಮೊದಲು ಗೊತ್ತೇ ಇರಲಿಲ್ಲ. ಮೂರು ತಿಂಗಳಾದರೂ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ನೋಡುವ ಮಾತನ್ನು ಇಬ್ಬರೂ ಎತ್ತಲಿಲ್ಲ. ಎತ್ತಿದರೆ ಈ ಸುಖ ಕೆಟ್ಟೀತೆಂದು ಅವಳಿಗೆ ಅಂಜಿಕೆ.

ಮಾರ್ಚಿನ ಒಂದು ಬುಧವಾರ ಅವನು ಏದುಸಿರು ಬಿಡುತ್ತಾ ಕರೆ ಮಾಡಿದ. "ನಮ್ಮ ತೋಟಕ್ಕ ಬೆಂಕಿ ಬಿದ್ದೇತ್ರಿ, ಲಗೂ!"

ಉಮೈಮಾ ಕೂಡಲೇ ಅವನ ನಂಬರು ಒತ್ತಿದಳು. "ಎಷ್ಟು ಹತ್ತೇತ್ರಿ? ನೀವು ದೂರ ಸರೀರಿ!" ಎಂದರೆ ಆ ಕಡೆ ನಗು.

"ಬೆಂಕಿ ಇಲ್ರಿ, ಏನಿಲ್ಲ. ನನ್ನ ಸಲುವಾಗಿ ನಿಮ್ಮ ದನಿ ನಡಗತದೋ ಇಲ್ಲೋ ನೋಡಬೇಕಾಗಿತ್ತು. ನಡಗಿತು. ಸಾಕು ನನಗ."

"ನಾಚಿಕಿ ಆಗಬೇಕು ನಿಮಗ!" ಎಂದು ಫೋನ್ ಕುಕ್ಕಿದಳು. ಸಿಟ್ಟು ಬಂದದ್ದು ನಿಜ. ಆ ಸಿಟ್ಟಿನ ಅಡಿಯಲ್ಲಿ ಸಕ್ಕರೆ ಇದ್ದದ್ದೂ ನಿಜ. ಮುಂದಿನ ಸಲ ಈ ಮನುಷ್ಯನನ್ನು ಚೆನ್ನಾಗಿ ಕಾಯಿಸಬೇಕು ಅಂದುಕೊಂಡಳು.

ಮುಂದಿನ ಸಲ ಮರುದಿನವೇ ಬಂತು, ಮಧ್ಯಾಹ್ನ ಮೂರಕ್ಕೆ.

"ಉಮೈಮಾ ಅವರ, ನಮ್ಮ ಓಣಿ ಹಾಜರಾಬಿ ಖಾಲಾನ ಹುಲ್ಲಿನ ಬಣವಿಗೆ ಬೆಂಕಿ ಹತ್ತೇತಿ! ಇವತ್ತ ಖರೇ ಐತ್ರಿ, ಲಗೂ ಗಾಡಿ ಕಳಸ್ರಿ!"

"ಆತ್ರಿ," ಎಂದಳು ಅವಳು. ಫೋನ್ ಇಟ್ಟು ಗೋಡೆಯ ಗಡಿಯಾರ ನೋಡಿದಳು. ಐದು ನಿಮಿಷ ಒದ್ದಾಡಲಿ. ಚಹಾ ಬಂದಿತ್ತು. ಕಪ್ಪಿನಿಂದ ಬಸಿಗೆ ಸುರುವಿಕೊಂಡು, ಆರಿಸಿ, ನಿಧಾನ ಕುಡಿದಳು. ಅವನ ನಂಬರಿನಿಂದ ಮತ್ತೆ ಮತ್ತೆ ಕರೆ ಬಂತು. ಅವಳು ಎತ್ತದೆ ನಗುತ್ತಾ ಕೂತಳು.

ಆರನೇ ನಿಮಿಷಕ್ಕೆ ಬೇರೆ ನಂಬರು. "ನಾನು ಸವಣೂರಿನ ಫಾರೂಕ. ಬಣವಿ ಬೆಂಕಿ ಹಬ್ಬಿ ಹಾಜರಾಬಿ ಅವರ ಕೊಟ್ಟಿಗಿ ಹೊತ್ತಿ ಉರ್ಯಾಕತ್ತೇತಿ. ಮುದುಕಿ ಒಳಗ ಹೋಗ್ಯಾಳ್ರಿ!" ಹಿಂದೆ ಹೆಂಗಸರು ಚೀರುತ್ತಿದ್ದರು.

ಉಮೈಮಾ ಗಾಡಿ ಕಳಿಸಿದಳು. ಫಾರೂಕನಿಗೆ ತಿರುಗಿ ಮಾಡಲೂ ನಿಲ್ಲಲಿಲ್ಲ.

ಮುದುಕಿ ಬದುಕಿದಳು. ಆಡುಗಳ ಹಗ್ಗ ಬಿಚ್ಚಲು ಹೋಗಿ ಎರಡೂ ಕೈ ಸುಟ್ಟುಕೊಂಡಿದ್ದಳು. ಎಲೆ ಎಣಿಸಿ ಪೆಂಡಿ ಕಟ್ಟಿ ಹೊಟ್ಟೆ ಹೊರೆಯುವ ಕೈಗಳು ಅವು. ಆಫೀಸರು ಗಿರಿಯಪ್ಪ ಕರೆ ಎಷ್ಟು ಹೊತ್ತಿಗೆ ಬಂತೆಂದು ಕೇಳಿದಾಗ ಉಮೈಮಾ ಫಾರೂಕನ ಕರೆಯ ಹೊತ್ತನ್ನೇ ಹೇಳಿದಳು, ರಿಜಿಸ್ಟರಿನಲ್ಲಿ ಅದನ್ನೇ ಬರೆದಳು. ಬರೆಯುವಾಗ ಕೈ ನಡುಗಲಿಲ್ಲ. ಅದನ್ನು ನೆನೆದರೆ ಆಮೇಲೆ ಅವಳಿಗೆ ತನ್ನ ಕೈಯನ್ನೇ ನೋಡಲಾಗುತ್ತಿರಲಿಲ್ಲ.

ಬಿಲಾಲ ಮತ್ತೆ ಫೋನ್ ಮಾಡಲಿಲ್ಲ. ಅವನ ನಂಬರು ಅವಳಿಗೆ ಬಾಯಿಪಾಠ. ಮಾಡುವ ಮುಖ ಇರಲಿಲ್ಲ.

ಹನ್ನೊಂದನೇ ದಿನ, ಸವಣೂರಿಗೆ ಗಾಡಿ ಒಯ್ದಿದ್ದ ಡ್ರೈವರ್ ಫಕ್ಕೀರಪ್ಪ ಆಫೀಸಿಗೆ ಬಂದವನು ಚಹಾ ಕುಡಿಯುತ್ತಾ ಮಾತು ತೆಗೆದ. "ಆ ಎಲಿ ಮಾರೂ ಹುಡುಗ ಬಿಲಾಲ ಅದಾನಲ್ಲವಾ, ಬೆಂಕಿ ಮೊದಲ ನೋಡಿದಂವ ಅವನ. ಗಾಬರಿಯಾಗಿ ಫೋನ್ ಮಾಡೂದ ಮರತ್ನಿ ಅಂತ ತಾನ ಹೇಳ್ಯಾನ. ಓಣಿ ಮಂದಿ ಮಾರಿಗೆ ಉಗಳಾಕತ್ತಾರ. ಅಂವ ಮಾತ್ರ ತಲಿ ತಗ್ಗಿಸಿಕೊಂಡು ದಿನಾ ಮುದುಕಿ ಪೆಂಡಿ ಕಟ್ಟಿ ಕೊಟ್ಟು ಹೋಗತಾನ."

ಉಮೈಮಾಳಿಗೆ ಕೆನ್ನೆಗೆ ಹೊಡೆದಂತಾಯಿತು. ತನ್ನ ತಪ್ಪನ್ನು ಅವನು ಹೊತ್ತುಕೊಂಡಿದ್ದ. ರಿಜಿಸ್ಟರಿನಲ್ಲಿ ಸುಳ್ಳು ಬರೆದು ಅದಕ್ಕೆ ದಾರಿ ಮಾಡಿಕೊಟ್ಟದ್ದು ತಾನೇ. ಪ್ರೀತಿ ಎಂದರೆ ಇಷ್ಟು ನಾಚಿಕೆಗೇಡು ಆಗಬಲ್ಲದೆಂದು ಯಾರೂ ಅವಳಿಗೆ ಹೇಳಿರಲಿಲ್ಲ. ಕೂಡಲೇ ಎದ್ದು ಗಿರಿಯಪ್ಪನವರ ಮುಂದೆ ನಿಂತು ಎಲ್ಲ ಹೇಳಿದಳು, ನಕ್ಕದ್ದನ್ನೂ ಬಿಡಲಿಲ್ಲ.

ಗಿರಿಯಪ್ಪ ರಿಜಿಸ್ಟರು ಮುಚ್ಚಿಟ್ಟರು. ನಿಮ್ಮಪ್ಪನ ವಯಸ್ಸಿನವನು ನಾನು, ನಿನ್ನ ಕಿವಿ ಮ್ಯಾಲ ನಾಕು ತಾಲೂಕಿನ ಜೀವ ಇಟ್ಟಿದ್ನಿ, ಎಂದರು. ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಯವರೆಗೆ ಫೋನ್ ಮುಟ್ಟಬೇಡ ಎಂದರು. ಕೆಲಸ ಉಳಿಯುವುದೋ ಹೋಗುವುದೋ ಅವಳು ಕೇಳಲಿಲ್ಲ. ಸವಣೂರಿನ ಬಸ್ ಹತ್ತಿದಳು.

ಹಾಜರಾಬಿಯ ಅಂಗಳದಲ್ಲಿ ಇನ್ನೂ ಕರಕಲು ವಾಸನೆ. ಮುದುಕಿ ಹೊರಸಿನ ಮೇಲೆ ಕೂತಿದ್ದಳು, ಎರಡೂ ಕೈಗೆ ಬಿಳಿ ಪಟ್ಟಿ. ಪಕ್ಕದಲ್ಲಿ ಚಾಪೆಯ ಮೇಲೆ ಒಬ್ಬ ಬಡಕಲು ಯುವಕ ಎಲೆ ಎಣಿಸುತ್ತಿದ್ದ.

"ಅಸ್ಸಲಾಮು ಅಲೈಕುಮ್, ಖಾಲಾ."

ಯುವಕನ ಕೈಯಲ್ಲಿದ್ದ ಎಲೆ ಚಾಪೆಯ ತುಂಬ ಚೆಲ್ಲಿದವು. ಅವಳ ದನಿ ಅವನಿಗೆ ಗೊತ್ತಿತ್ತು. ಒಮ್ಮೆ ಕಣ್ಣೆತ್ತಿದ, ಮೂರು ತಿಂಗಳು ಊಹಿಸಿಕೊಂಡ ಮುಖವನ್ನು ಕಂಡವನು ಅರೆಗಳಿಗೆಯೂ ನೋಡಲಾರದೆ ಕಣ್ಣು ಕೆಳಗಿಳಿಸಿದ. ಅವಳೂ ಅಷ್ಟೇ. ಗಲ್ಲದ ಮೇಲೊಂದು ಸಣ್ಣ ಗಾಯದ ಗುರುತು, ಅಷ್ಟೇ ಅವಳಿಗೆ ಕಂಡದ್ದು.

"ಖಾಲಾ, ಇವರು ಹೇಳಿದ್ದು ಸುಳ್ಳು," ಎಂದಳು ಉಮೈಮಾ. "ಇವರು ಕೂಡಲೇ ಫೋನ್ ಮಾಡಿದ್ರು. ಫೋನ್ ಎತ್ತಿದಾಕಿ ನಾನು. ಗಾಡಿ ಕಳಸಲಿಲ್ಲ."

"ಇಲ್ಲ ಖಾಲಾ!" ಬಿಲಾಲ ನಡುವೆ ಬಾಯಿ ಹಾಕಿದ. "ಹಿಂದಿನ ದಿನ ನಾನು ಸುಳ್ಳು ಹೇಳಿ ಕಾಡಿಸಿದ್ನಿ. ಅದಕ್ಕ ಇವರು ನಂಬಲಿಲ್ಲ. ತಪ್ಪು ನಂದು."

"ನೀ ಸುಮ್ಮನಿರು," ಎಂದಳು ಮುದುಕಿ. "ಆಕಿನ್ನ ಕೇಳಾಕತ್ತೇನಿ. ಗಾಡಿ ಕಳಸದ ಏನ ಮಾಡಾಕತ್ತಿದ್ದಿ?"

ಉಮೈಮಾ ಹೊರಸಿನ ಪಕ್ಕ ನೆಲಕ್ಕೆ ಕೂತಳು. "ಚಾ ಕುಡ್ಯಾಕತ್ತಿದ್ನಿ. ಇವರನ್ನ ಕಾಯಸಬೇಕಂತ. ನಗಾಕತ್ತಿದ್ನಿ, ಖಾಲಾ."

ಹಾಜರಾಬಿ ತನ್ನ ಎರಡು ಪಟ್ಟಿ ಕೈಗಳನ್ನು ತೊಡೆಯ ಮೇಲೆ ಹೊರಳಿಸಿ ನೋಡಿಕೊಂಡಳು.

"ಇವನ ಮ್ಯಾಲ ಅಷ್ಟ ಪ್ರೀತಿ ಇತ್ತೇನು?"

"ಇತ್ತು. ಈಗೂ ಐತಿ. ಹೇಳಾಕ ನಾಚಿಕಿ ಆಗತೇತಿ."

ಬಿಲಾಲ ತಲೆ ಎತ್ತದೆಯೇ ಹೇಳಿದ, "ನನಗೂ ಅಷ್ಟ ಪ್ರೀತಿ, ಅಷ್ಟ ನಾಚಿಕಿ."

"ಇಬ್ಬರೂ ಪಾಪಿಗಳ ಅದೀರಿ," ಎಂದಳು ಮುದುಕಿ. "ಮಾಫಿ ಇವತ್ತ ಕೇಳಬ್ಯಾಡ್ರಿ, ಕೊಡೂ ಮನಸಿಲ್ಲ. ಹನ್ನೊಂದು ದಿನ ಆತು, ನನ್ನ ತಲಿಗೆ ಬಾಚಣಿಕಿ ಮುಟ್ಟಿಲ್ಲ. ಇವನಿಗೆ ಹೇಳಾಕ ಬರೂದಿಲ್ಲ. ಒಳಗ ಗೂಡಿನಾಗ ಐತಿ, ತಗೊಂಡ ಬಾ."

ಉಮೈಮಾ ಹಿಂದೆ ಕೂತು, ಗಂಟುಗಟ್ಟಿದ ಬಿಳಿ ಕೂದಲನ್ನು ಒಂದೊಂದೇ ಎಳೆ ಬಿಡಿಸತೊಡಗಿದಳು. ಕಣ್ಣೀರು ಹರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಬಿಲಾಲ ಚೆಲ್ಲಿದ ಎಲೆಗಳನ್ನು ಮೊದಲಿಂದ ಎಣಿಸುತ್ತಾ, ಎಣಿಕೆ ತಪ್ಪುತ್ತಾ ಕೂತ. ಜಡೆ ಹಾಕಿ ಮುಗಿಯಿತು.

"ಈ ಕೈ ನೆಟ್ಟಗಾಗಲಿ," ಎಂದಳು ಹಾಜರಾಬಿ ಕೊನೆಗೆ. "ಆಮ್ಯಾಲ ಊರು ಯಾವುದರ ಇರಲಿ, ನಿಮ್ಮ ಮನಿಗೆ ನಾನ ಮಾತಾಡಾಕ ಬರ್ತೇನಿ. ನಿನ್ನ ಕೈಗೆ ಮೆಹಂದಿನೂ ನಾನ ಹಚ್ಚತೇನಿ. ಅಲ್ಲೀತನಕ ಇಬ್ಬರೂ ನಗೂ ಹಂಗಿಲ್ಲ."

ಉಮೈಮಾ ಬಾಚಣಿಕೆಯನ್ನು ಎದೆಗೆ ಒತ್ತಿಕೊಂಡಳು. "ನೆಟ್ಟಗ ಆಗಲಿಲ್ಲಂದ್ರ, ಖಾಲಾ?"

"ಆಗಲಿಲ್ಲಂದ್ರ ಮೆಹಂದಿ ಇಲ್ದ ಮದಿವಿ ಆಗು," ಎಂದಳು ಮುದುಕಿ. "ಇದ ಓಣಿಗೆ ಬಂದು, ನಾ ಇರೂತನಕ ದಿನಾ ನನ್ನ ತಲಿ ಬಾಚು."