ಖಳನಿಗೆ ಕೊಟ್ಟ ಮುಖ

ಖಳನಾಯಕ ಬಾಗಿಲು ತಟ್ಟಿದಾಗ ಅವಳು ಅವನ ಕಿವಿಗೆ ಶಾಯಿ ತುಂಬುತ್ತಿದ್ದಳು.

ಅವಳು ಬಾಗಿಲು ತೆರೆದಳು. ಅದೇ ಮುಖ, ಅದೇ ದಣಿದ ಕಣ್ಣು. ತಾನು ಬರೆಯುವ ಕಾಮಿಕ್ಸಿನಲ್ಲಿ ಅವನಿಗೆ ಕಪ್ಪು ನಿಲುವಂಗಿ ತೊಡಿಸಿದ್ದಳು. ಇಲ್ಲಿ ಇಸ್ತ್ರಿ ಕಾಣದ ಶರ್ಟು, ಕೈಯಲ್ಲೊಂದು ಸೂಟ್‌ಕೇಸು.

"ಹಾರಿ ಬಂದಿಲ್ಲ, ಮೆಟ್ಟಿಲು ಹತ್ತೇ ಬಂದೆ. ಒಳಗೆ ಬರಬಹುದಾ?"

ಅವನು ಸಮಾಜ ಕಲ್ಯಾಣ ಕಚೇರಿಯ ಕೌಂಟರಿನವನು. ಸರ್ಕಾರ ಖರ್ಚು ತಗ್ಗಿಸಲು ಹೊರಟಾಗ ಅವಳ ಚಿಕ್ಕಮ್ಮನ ಭತ್ಯೆ ನಿಂತುಹೋಯಿತು. ಕಣ್ಣು ಮಂಜಾದ ಆ ಹೆಂಗಸಿಗೆ "ನಿಯಮ ಬದಲಾಗಿದೆ ಅಮ್ಮ, ಇನ್ನು ಸಿಗಲ್ಲ" ಎಂದು ಗಾಜಿನ ಆಚೆಯಿಂದ ಹೇಳಿದವನು ಇವನೇ. ಚಿಕ್ಕಮ್ಮನ ಜೊತೆಗೆ ಹೋಗಿದ್ದ ಅವಳು ಮನೆಗೆ ಬಂದು ಹಲ್ಲು ಕಚ್ಚಿ ಕೂತು, ಒಂದು ಮುದ್ರೆ ಒತ್ತಿ ಬಡವರನ್ನು ಮಾಯ ಮಾಡುವ ಖಳನನ್ನು ಸೃಷ್ಟಿಸಿದಳು. ಅವನಿಗೆ ಇವನ ಮುಖ ಕೊಟ್ಟಳು. ಸಂಚಿಕೆ ಬಂದದ್ದೇ ತಡ, ಖರ್ಚಾಯಿತು. ವಿರೋಧ ಪಕ್ಷದವರಂತೂ ಆ ಮುಖವನ್ನು ಪೋಸ್ಟರು ಮಾಡಿ ಊರೆಲ್ಲ ಅಂಟಿಸಿದರು.

"ಬೈಯೋಕೆ ಬಂದಿದೀರಾ?"

"ವರ್ಗ ಆಯ್ತು. ನನ್ನಿಂದ ಕಚೇರಿಗೆ ಕೆಟ್ಟ ಹೆಸರಂತೆ. ಸಂಜೆ ಬಸ್ಸು. ನಿಮ್ಮ ವಿಳಾಸ ಚಿಕ್ಕಮ್ಮನ ಅರ್ಜೀಲಿತ್ತು." ಅವನು ಕುರ್ಚಿಯ ತುದಿಯಲ್ಲಿ ಕುಳಿತ. "ಭತ್ಯೆ ನಿಲ್ಲಿಸಿದ್ದು ನಾನಲ್ಲ. ಆದ್ರೆ ನಿಮ್ಮ ಚಿಕ್ಕಮ್ಮಂಗೆ ಹೇಳಿದ್ದು ನಾನೇ. ಅದಕ್ಕೇ ನೀವು ಬರೆದಿದ್ದು ಪೂರ್ತಿ ಸುಳ್ಳು ಅನ್ನಲ್ಲ."

ಇದಕ್ಕಿಂತ ಅವನು ಬೈದಿದ್ದರೇ ವಾಸಿಯಿತ್ತು.

"ಒಂದು ಕೇಳ್ಬೇಕಿತ್ತು." ಅವನು ಮೇಜಿನ ಮೇಲಿನ ಹಾಳೆಗೆ ಬೆರಳು ಮಾಡಿದ. "ಈ ಮಚ್ಚೆ, ಕಿವಿ ಹಿಂದೆ ಇರೋದು. ನನಗೇ ಮರೆತುಹೋಗಿತ್ತು. ಅಮ್ಮ ಹೋದ್ಮೇಲೆ ನನ್ನನ್ನ ಇಷ್ಟು ನೋಡಿದವರಿಲ್ಲ. ಕೌಂಟರಿಗೆ ಬರೋರು ಗಾಜಿನ ತೂತಿನ ಜೊತೆ ಮಾತಾಡ್ತಾರೆ, ಅಷ್ಟೇ. ಒಂದೇ ದಿನದಲ್ಲಿ ಹೇಗೆ ನೋಡಿದ್ರಿ?"

ಅವಳ ಕೆನ್ನೆ ಬಿಸಿಯಾಯಿತು. "ಒಂದೇ ದಿನ ಅಲ್ಲ."

"ಮತ್ತೆ?"

"ಆಮೇಲೂ ಕಚೇರಿಗೆ ಬರ್ತಿದ್ದೆ. ಹಿಂದಿನ ಬೆಂಚಲ್ಲಿ ಕೂತು ಬರೀತಿದ್ದೆ. ಖಳನ ಮುಖ ಸರಿಯಾಗಿ ಬರಬೇಕಲ್ಲ."

"ನಾಯಕನ ಮುಖ ಬೇಡವಾ?"

"ಅವನಿಗೆ ಮುಖವಾಡ ಇದೆ. ಕಷ್ಟ ಇಲ್ಲ."

ಅವನು ನಕ್ಕ. ಹುಬ್ಬೆತ್ತಿ, ಒಂದೇ ಕಡೆಗೆ ತುಟಿ ಸೊಟ್ಟ ಮಾಡಿ ನಕ್ಕ. ಈ ನಗು ಅವಳ ಯಾವ ಚಿತ್ರದಲ್ಲೂ ಇರಲಿಲ್ಲ.

ಅಲ್ಲಿಗೆ ಹೋಗುತ್ತಿದ್ದುದೆಲ್ಲ ಸಿಟ್ಟಿನಿಂದಲೇ ಎಂದು ಅವಳು ತನ್ನನ್ನು ನಂಬಿಸಿಕೊಂಡಿದ್ದಳು. ಸಾಲಿನಲ್ಲಿ ಯಾರಿಗಾದರೂ ತಲೆ ತಿರುಗಿದರೆ ಅವನು ಎದ್ದು ಬಂದು ನೀರು ಕೊಡುತ್ತಿದ್ದ. ಅದನ್ನು ಕಣ್ಣಾರೆ ಕಂಡರೂ ಕಥೆಗೆ ಸೇರಿಸಲಿಲ್ಲ. ಮಾತಿಗೆ ಜನವಿಲ್ಲದ ಬದುಕಿನಲ್ಲಿ ಆ ಬೆಂಚಿನ ಮೇಲೆ ಕೂತ ಹೊತ್ತೊಂದೇ ಅವಳಿಗೆ ಭಾರವೆನಿಸುತ್ತಿರಲಿಲ್ಲ.

ಅವಳು ಬಿಳಿ ಬಣ್ಣದ ಶೀಷೆ ತೆರೆದು ಹೊಸ ಸಂಚಿಕೆಯ ಹಾಳೆಯಲ್ಲಿ ಖಳನ ಮುಖದ ಮೇಲೆ ಬಳಿಯತೊಡಗಿದಳು.

"ನಿಮ್ಮ ಸಂಪಾದಕರು ಸುಮ್ನಿರ್ತಾರಾ?"

"ಕೂಗಾಡ್ತಾರೆ. ಕೆಲಸಾನೂ ಹೋಗ್ಬಹುದು."

"ಇಲ್ಲಿ ಇನ್ಯಾರ ಮುಖ ಹಾಕ್ತೀರಿ?"

"ಯಾರದೂ ಇಲ್ಲ. ಒಂದು ಮುಚ್ಚಿದ ಬಾಗಿಲು, ಒಳಗೆ ಮೀಟಿಂಗು. ಭತ್ಯೆ ನಿಲ್ಲಿಸಿದೋರ ಮುಖ ನಾನೆಲ್ಲಿ ನೋಡಿದೀನಿ?"

ಕೊನೆಯ ಚಿತ್ರದ ಬಳಿ ಕುಂಚ ನಿಂತಿತು.

"ಇದನ್ನೂ ಅಳಿಸಿದ್ರೆ ನಿಮ್ಮನ್ನ ನೋಡೋಕೆ ನನಗೆ ನೆಪಾನೇ ಇರಲ್ಲ," ಎಂದಳು, ತಲೆ ಎತ್ತದೆ.

ಅವನು ಕುಂಚ ತೆಗೆದುಕೊಂಡು ತಾನೇ ಬಳಿದ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ.

"ಹೋಗೋದಂತೂ ತಪ್ಪಲ್ಲ," ಎಂದ. "ಭಾನುವಾರ ಬರ್ತೀನಿ. ನೆಪ ಇಲ್ದೇ."

ಒಳಕೋಣೆಯಿಂದ ಚಿಕ್ಕಮ್ಮನ ದನಿ ಬಂತು. "ಯಾರೇ ಅದು ಬಂದಿರೋದು?"

ಅವನ ಮುಖ ಬಿಳಿಚಿಕೊಂಡಿತು. ಅವಳು ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ನನಗೆ ಬೇಕಾದವರು, ಚಿಕ್ಕಮ್ಮ."